ಪವರ್ ಹೋದರೂ ಮರೆಯದ ಮೆಮೊರಿಗೆ ನಾನೇ ಡ್ರೈವರ್ ಬರೆದೆ

ಪೀಣ್ಯದಲ್ಲಿ ಒಂದು ಗೇರ್‌ಬಾಕ್ಸ್ ಟೆಸ್ಟ್ ರಿಗ್‌ಗೆ ಎಮ್‌ರ್ಯಾಮ್ (ಪವರ್ ಹೋದರೂ ಡೇಟಾ ಉಳಿಸಿಕೊಳ್ಳುವ ಮೆಮೊರಿ) ಕಾರ್ಡ್ ಹಾಕಿ, ಅದಕ್ಕೆ ಲಿನಕ್ಸ್ ಡ್ರೈವರ್ ಬರೆದು ಕೊಟ್ಟು ವರ್ಷ ಆಗುತ್ತಾ ಬಂತು. ಪವರ್ ಎಷ್ಟು ಸಲ ಹೋಗಿದೆಯೋ ಲೆಕ್ಕ ಇಟ್ಟಿಲ್ಲ, ಆದರೆ ಶುರುವಿನ ಒಂದು ತೊಂದರೆ ಸರಿ ಹೋದ ಮೇಲೆ ಒಂದು ರೆಕಾರ್ಡೂ ಕಳೆದಿಲ್ಲ. "ಒಳ್ಳೆ ಎಸ್‌ಎಸ್‌ಡಿ ಹಾಕು, ಯುಪಿಎಸ್ ಇಡು, ಸುಮ್ನೆ ಯಾಕೆ ಒದ್ದಾಡ್ತೀಯ" ಎಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪಿಸಿಐ ಡ್ರೈವರ್ ಮುಟ್ಟಿದವರಿಗಾಗಿ ಇದು. ಪ್ರೋಬ್ ಅಂದರೆ ಕಾರ್ಡ್ ಸಿಕ್ಕಾಗ ಡ್ರೈವರ್ ಶುರುವಾಗುವುದು, ಬಾರ್ ಅಂದರೆ ಕಾರ್ಡಿನ ಮೆಮೊರಿ ಸಿಪಿಯುಗೆ ಕಾಣುವ ಕಿಟಕಿ; ಅದಕ್ಕಿಂತ ಹೆಚ್ಚು ವಿವರಿಸುವುದಿಲ್ಲ.

ಅಲ್ಲಿ ಯುಪಿಎಸ್ ಮೊದಲೇ ಇತ್ತು. ತೊಂದರೆ ಬರೀ ಕರೆಂಟಿನದಲ್ಲ. ಯಾರಾದರೂ ಎಮರ್ಜೆನ್ಸಿ ಬಟನ್ ಒತ್ತಿದರೆ ಇಡೀ ಪ್ಯಾನೆಲ್ ಸತ್ತುಹೋಗುತ್ತದೆ, ಅದರ ಜೊತೆ ಪಿಸಿಯೂ. ಒಂದು ಟೆಸ್ಟ್ ಎರಡು ಮೂರು ವಾರ ಓಡುತ್ತದೆ. ಟಾರ್ಕ್, ಟೆಂಪರೇಚರ್, ಸೈಕಲ್ ಕೌಂಟ್ ಎಲ್ಲ ಕೆಲವೇ ಮಿಲಿಸೆಕೆಂಡಿಗೆ ಒಮ್ಮೆ ಉಳಿಯಬೇಕು. ಸಾಧಾರಣ ಎಸ್‌ಎಸ್‌ಡಿಯಲ್ಲಿ ಪ್ರತಿ ರೆಕಾರ್ಡ್‌ಗೂ ಎಫ್‌ಸಿಂಕ್ (ಡಿಸ್ಕಿಗೆ ಪೂರ್ತಿ ಇಳಿಯುವ ತನಕ ಕಾಯುವುದು) ಮಾಡಿದರೆ ಲೂಪಿನ ಟೈಮಿಂಗ್ ತಪ್ಪುತ್ತದೆ, ಮಾಡದಿದ್ದರೆ ಡೇಟಾ ತಪ್ಪುತ್ತದೆ. ಪವರ್ ಹೋದರೂ ಮರೆಯದ ರೆಡಿಮೇಡ್ ಎನ್‌ವಿರ್ಯಾಮ್ ಕಾರ್ಡ್‌ಗೆ ಬಂದ ಕೊಟೇಶನ್ ಸುಮಾರು ಒಂದೂವರೆ ಲಕ್ಷ, ಮೇಲೆ ಟ್ಯಾಕ್ಸು, ಬರುವುದಕ್ಕೆ ಮೂರು ತಿಂಗಳು. ಇದೇ ಥರದ ತನ್ನ ಆಪ್ಟೇನ್ ಮೆಮೊರಿ ನಿಲ್ಲಿಸುತ್ತೇವೆ ಎಂದು ಇಂಟೆಲ್ 2022ರಲ್ಲೇ ಹೇಳಿಬಿಟ್ಟಿತ್ತು. ಮೇಲಾಗಿ ಅದರ ಡಿಮ್ (ಮೆಮೊರಿ ಸ್ಟಿಕ್) ಈ ರಿಗ್‌ನ ಮಾಮೂಲಿ ಮದರ್‌ಬೋರ್ಡಿನಲ್ಲಿ ಕೂರುವುದೇ ಇಲ್ಲ.

ನಾನು ತೆಗೆದುಕೊಂಡಿದ್ದು 16 ಮೆಗಾಬಿಟ್‌ನ ಪ್ಯಾರಲಲ್ ಎಮ್‌ರ್ಯಾಮ್ ಚಿಪ್, 35 ನ್ಯಾನೋಸೆಕೆಂಡಿನದು, ಎರಡು. ಒಟ್ಟು 4 ಎಂಬಿ. ಸೆಕೆಂಡ್ ಹ್ಯಾಂಡ್ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದುಕೊಳ್ಳುವ ಚಿಪ್) ಇರುವ ಪಿಸಿಐಇ ಕಾರ್ಡ್ ಹನ್ನೊಂದು ಸಾವಿರಕ್ಕೆ ಸಿಕ್ಕಿತು. ಕನೆಕ್ಟರ್, ಕೆಪಾಸಿಟರ್ ಎಸ್‌ಪಿ ರೋಡ್‌ನಿಂದ. ಎಮ್‌ರ್ಯಾಮ್ ಕೂರಿಸುವ ಚಿಕ್ಕ ಡಾಟರ್ ಬೋರ್ಡ್‌ಗಳ ಮೊದಲ ಲಾಟಿನಲ್ಲಿ ಅಸೆಂಬ್ಲಿಯವರು ಚಿಪ್ ತಿರುಗಿಸಿ ಕೂರಿಸಿದ್ದರು, ಅಲ್ಲೇ ಒಂಬತ್ತು ಸಾವಿರ ನೀರಿಗೆ ಹೋಯಿತು. ಅದೂ ಸೇರಿ ನಲವತ್ತು ಸಾವಿರದ ಒಳಗೆ ಮುಗಿಯಿತು.

ಈ ಮೆಮೊರಿಗೆ ಬರೆಯುವುದು ಅಗ್ಗ, ಅದರಿಂದ ಓದುವುದು ದುಬಾರಿ. ನನ್ನ ಡ್ರೈವರ್ ಪೂರ್ತಿ ನಿಂತಿರುವುದು ಇದರ ಮೇಲೆ. ಬಾರ್‌ನಿಂದ ಒಂದೊಂದು ರೀಡ್ ಕೂಡ ಕಾರ್ಡ್‌ವರೆಗೆ ಹೋಗಿ ಉತ್ತರ ತರಬೇಕು, ಅಷ್ಟು ಹೊತ್ತು ಸಿಪಿಯು ಕಾಯುತ್ತದೆ. ಎಂಟು ಬೈಟ್‌ಗೆ ಹತ್ತಿರ ಹತ್ತಿರ ಒಂದು ಮೈಕ್ರೋಸೆಕೆಂಡ್. ಮೊದಲು ಎಂಟಿಡಿ (ಲಿನಕ್ಸ್‌ನ ಫ್ಲ್ಯಾಶ್ ಮೆಮೊರಿ ಪದರ) ಮೇಲೆ ಫೈಲ್‌ಸಿಸ್ಟಮ್ ಕೂರಿಸಿ ನೋಡಿದೆ. ನಡೆಯಿತು, ಆದರೆ ಮೌಂಟ್ ಆಗುವುದನ್ನು ನೋಡುತ್ತಾ ಕೂತರೆ ತಾಳ್ಮೆ ಹೋಗುತ್ತಿತ್ತು. ಪಿಮೆಮ್ (ಮರೆಯದ ಮೆಮೊರಿ) ಡಿವೈಸ್ ಎಂದು ತೋರಿಸು, ನಡುವೆ ನಕಲಿಲ್ಲದೆ ಅದನ್ನೇ ನೇರ ಮುಟ್ಟುವ ಡ್ಯಾಕ್ಸ್ ಬಳಸು ಎಂದು ಇಬ್ಬರು ಮೂವರು ಹೇಳಿದರು. ಅದಕ್ಕೆ ರೈಟ್‌ಬ್ಯಾಕ್ ಕ್ಯಾಶ್ ಆಗುವ (ಬರೆದದ್ದು ಮೊದಲು ಸಿಪಿಯು ಕ್ಯಾಶ್‌ನಲ್ಲಿ ನಿಲ್ಲುವ) ಮೆಮೊರಿ ಬೇಕು. ಎಕ್ಸ್86ನಲ್ಲಿ ಪಿಸಿಐ ಬಾರ್ ಅನ್ನು ಹಾಗೆ ಮ್ಯಾಪ್ ಮಾಡಿ ನೆಮ್ಮದಿಯಾಗಿ ಮಲಗುವುದಕ್ಕೆ ಆಗಲ್ಲ. ಆ ದಾರಿ ಬಿಟ್ಟೆ.

ಕೊನೆಗೆ ಹಿಡಿದ ದಾರಿ ಸರಳ. ಪ್ರೋಬ್ ಆಗುವಾಗ 4 ಎಂಬಿ ಪೂರ್ತಿ ಒಂದೇ ಸಲ ಮಾಮೂಲಿ ರ್ಯಾಮ್‌ಗೆ ಓದಿಕೊಳ್ಳುತ್ತೇನೆ, ಅರ್ಧ ಸೆಕೆಂಡ್ ಹಿಡಿಯಬಹುದು. ಆಮೇಲೆ ಓದುವುದೆಲ್ಲ ಆ ನಕಲಿನಿಂದಲೇ. ಬರೆಯುವುದು ಮಾತ್ರ ಎರಡೂ ಕಡೆ. ಡೇಟಾ ಬಾರ್ ಅನ್ನು ಐಓರೀಮ್ಯಾಪ್ ಡಬ್ಲ್ಯೂಸಿ ಮಾಡಿದ್ದೇನೆ (ಡಬ್ಲ್ಯೂಸಿ ಅಂದರೆ ರೈಟ್ ಕಂಬೈನಿಂಗ್, ಚಿಕ್ಕ ರೈಟ್‌ಗಳನ್ನು ಗುಂಪು ಮಾಡಿ ಕಳಿಸುವುದು), ಕಂಟ್ರೋಲ್ ರಿಜಿಸ್ಟರ್‌ಗಳು ಬೇರೆ ಬಾರ್‌ನಲ್ಲಿ, ಕ್ಯಾಶ್ ಇಲ್ಲದೆ. ಇದನ್ನು ಬೇರೆ ಮಾಡಲೇಬೇಕು. ಒಂದೇ ಜಾಗವನ್ನು ಡ್ರೈವರ್ ಒಂದು ರೀತಿ, ಯೂಸರ್ ಎಂಮ್ಯಾಪ್ ಇನ್ನೊಂದು ರೀತಿ ಕೇಳಿದರೆ ಕರ್ನಲ್‌ನಲ್ಲಿ ಮೆಮೊರಿ ಟೈಪ್ ನೋಡಿಕೊಳ್ಳುವ ಪ್ಯಾಟ್ ಕೋಡ್ ಒಪ್ಪುವುದಿಲ್ಲ, ಕನ್‌ಫ್ಲಿಕ್ಟಿಂಗ್ ಮೆಮೊರಿ ಟೈಪ್ಸ್ ಎಂದು ಡಿಮೆಸೇಜ್‌ನಲ್ಲಿ (ಕರ್ನಲ್ ಲಾಗ್) ಹಾಕುತ್ತದೆ. ಎಫ್‌ಪಿಜಿಎ ಕಡೆ ಡೇಟಾ ಬಾರ್ ಅನ್ನು 64 ಬಿಟ್ ಪ್ರಿಫೆಚಬಲ್ (ಮುಂಚೆಯೇ ಓದಿಟ್ಟರೂ ತೊಂದರೆ ಇಲ್ಲದ್ದು) ಮಾಡಿಕೊಳ್ಳಿ. ಆಗ ಡಿವೈಸ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಡಬ್ಲ್ಯೂಸಿ ಹೆಸರಿನ ರಿಸೋರ್ಸ್ ಫೈಲ್ ತಾನಾಗಿ ಬರುತ್ತದೆ, ಡ್ರೈವರ್ ಬರೆಯುವ ಮೊದಲೇ ಸ್ಪೀಡ್ ಅಳೆದು ನೋಡಬಹುದು. ನನಗೆ ಸೆಕೆಂಡಿಗೆ 80 ಎಂಬಿ ಆಸುಪಾಸು ಬಂತು. ಎರಡು ಚಿಪ್ ಸೇರಿ ತಾಳುವುದೇ ಹೆಚ್ಚೆಂದರೆ 110 ಚಿಲ್ಲರೆ.

ರೈಟ್ ಕಂಬೈನಿಂಗ್ ಬಫರ್ ಸೀಟು ತುಂಬಿದ ಮೇಲೆ ಹೊರಡುವ ಪ್ರೈವೇಟ್ ಬಸ್ಸಿನ ಹಾಗೆ, 64 ಬೈಟ್ ತುಂಬಿದರೆ ಹೊರಡುತ್ತದೆ. ಆದರೆ ಯಾವುದು ಮೊದಲು ಹೊರಡುತ್ತದೆ ಎಂಬ ಗ್ಯಾರಂಟಿ ಇಲ್ಲ. ಹಾಗಾಗಿ ಪ್ರತಿ ರೆಕಾರ್ಡ್‌ಗೂ ಸೀಕ್ವೆನ್ಸ್ ನಂಬರ್, ಸಿಆರ್‌ಸಿ (ಡೇಟಾ ಕೆಟ್ಟಿದೆಯೇ ಎಂದು ತಿಳಿಸುವ ಚೆಕ್ ನಂಬರ್). ರೆಕಾರ್ಡ್ ಬರೆದು, ಡಬ್ಲ್ಯೂಎಂಬಿ (ಹಿಂದಿನ ರೈಟ್ ಮೊದಲು ಹೋಗಲೇಬೇಕು ಎನ್ನುವ ಬ್ಯಾರಿಯರ್) ಹಾಕಿ, ಆಮೇಲೆ ಹೆಡರ್. ಹೆಡರ್‌ಗೆ ಎರಡು ಜಾಗ, ಒಂದು ಬಿಟ್ಟು ಒಂದು. ಕೊನೆಗೆ ಕಂಟ್ರೋಲ್ ಬಾರ್‌ನಿಂದ ಒಂದು ರೀಡ್, ಅದು ಮುಂದೆ ಹೋಗಿರುವ ರೈಟ್‌ಗಳನ್ನು ದಾಟುವ ಹಾಗಿಲ್ಲ. ಇಷ್ಟಕ್ಕೇ ನಿಲ್ಲಿಸಬೇಡಿ. ಡೇಟಾ ಎಫ್‌ಪಿಜಿಎವರೆಗೆ ಬಂದಿದೆ ಅಷ್ಟೇ, ಎಮ್‌ರ್ಯಾಮ್‌ಗೆ ಇಳಿದಿರಬೇಕು ಎಂದೇನಿಲ್ಲ. ಒಳಗಿನ ಫಿಫೋ (ಕ್ಯೂ) ಖಾಲಿ ಆಯ್ತಾ ಎಂದು ಹೇಳುವ ಬಿಟ್ ಅದೇ ರೀಡ್‌ನಲ್ಲಿ ಸಿಗುವ ಹಾಗೆ ಮಾಡಿದ್ದೇನೆ. ಹೀಗೆ ಖಚಿತವಾಗಿ ಉಳಿಸುವ ಒಂದು ಕಮಿಟ್‌ಗೆ ಎರಡು ಮೂರು ಮೈಕ್ರೋಸೆಕೆಂಡ್. ಪ್ರತಿ ರೆಕಾರ್ಡ್‌ಗೂ ಈ ರೀಡ್ ಮಾಡುವುದಿಲ್ಲ. ಯಾವಾಗ ಮಾಡುತ್ತೇನೆ, ಬಿಟ್ಟರೂ ಯಾಕೆ ಡೇಟಾ ಉಳಿಯುತ್ತದೆ ಎಂಬುದನ್ನು ಮಾತ್ರ ಇಲ್ಲಿ ಹೇಳಲ್ಲ, ಅದು ನನ್ನ ಅನ್ನ.

ನಡುನಡುವೆ ಕಮಿಟ್ ಇದ್ದಕ್ಕಿದ್ದಂತೆ ಹತ್ತಾರು ಮೈಕ್ರೋಸೆಕೆಂಡಿಗೆ ಏರುತ್ತಿತ್ತು. ಪಿಸಿಐಇ ಲಿಂಕಿನ ಪವರ್ ಉಳಿಸುವ ಎಎಸ್‌ಪಿಎಂ ಆಫ್ ಮಾಡಿದ ಮೇಲೆ ನಿಂತಿತು.

ಜಾಸ್ತಿ ನಿದ್ದೆ ಕೆಡಿಸಿದ್ದು ಬೇರೆಯೇ. ಕೆಲವು ದಿನ ಬೆಳಗ್ಗೆ ಆನ್ ಮಾಡಿದರೆ ಎಲ್ಲೋ ಒಂದೆರಡು ವರ್ಡ್ ಬದಲಾಗಿರುತ್ತಿತ್ತು, ಸಿಆರ್‌ಸಿ ತಾಳೆ ಆಗುತ್ತಿರಲಿಲ್ಲ. ಎಲ್ಲರೂ ಡ್ರೈವರ್ ಕಡೆ ಬೆರಳು ತೋರಿಸಿದರು. ಕಸ್ಟಮರ್ ಉಳಿದ ದುಡ್ಡನ್ನೂ ತಡೆದರು. ಬ್ಯಾರಿಯರ್‌ಗಳನ್ನೆಲ್ಲ ಮತ್ತೆ ಓದಿದೆ, ಅಲ್ಲಿ ಏನೂ ಸಿಗಲಿಲ್ಲ. ಡ್ರೈವರ್ ಲೋಡೇ ಮಾಡದೆ ಸುಮ್ನೆ ಪವರ್ ಆನ್ ಆಫ್ ಮಾಡುತ್ತಾ ಹೋದೆ, ಆಗಲೂ ಡೇಟಾ ಕೆಟ್ಟಿತು. ಸ್ಕೋಪ್ ಹಾಕಿದಾಗ ಕಂಡಿತು: ಎಫ್‌ಪಿಜಿಎ ತನ್ನ ಕಾನ್ಫಿಗರೇಶನ್ ಓದಿಕೊಳ್ಳುವ ತನಕ ಅದರ ಪಿನ್‌ಗಳು ತೇಲುತ್ತಿರುತ್ತವೆ, ಆ ಹೊತ್ತಿನಲ್ಲಿ ರೈಟ್ ಎನೇಬಲ್ ಲೈನ್ ಕೆಳಗೆ ಬಿದ್ದು ಚಿಪ್‌ಗೆ ಬರೆ ಎಂದಂತೆ ಆಗುತ್ತಿತ್ತು. ವೋಲ್ಟೇಜ್ ಏರುವಾಗ ಚಿಪ್ ಎನೇಬಲ್, ರೈಟ್ ಎನೇಬಲ್ ಎರಡೂ ಮೇಲೇ ಇರಬೇಕು, ಆಮೇಲೂ 2 ಮಿಲಿಸೆಕೆಂಡ್ ಕಾಯಬೇಕು ಎಂದು ಈ ಚಿಪ್‌ನ ಡೇಟಾಶೀಟ್ ಹೇಳುತ್ತದೆ. ಎರಡೂ ಲೈನ್‌ಗೆ ಮೇಲೇ ಹಿಡಿದಿಡುವ ಪುಲ್ಅಪ್ ರೆಸಿಸ್ಟರ್ ಹಾಕಿದೆ. ಖರ್ಚು ಒಂದು ರೂಪಾಯಿಯೂ ಇಲ್ಲ. ಅವತ್ತಿನಿಂದ ಇವತ್ತಿನವರೆಗೆ ಒಂದು ಬಿಟ್ ಕೆಟ್ಟಿಲ್ಲ, ಅದಕ್ಕಾಗಿ ಡ್ರೈವರ್‌ನಲ್ಲಿ ಒಂದು ಸಾಲೂ ಬದಲಾಯಿಸಬೇಕಾಗಿ ಬರಲಿಲ್ಲ.

ದಾರಿಯಲ್ಲಿ ಇನ್ನೂ ಎರಡು ಪ್ರಯೋಗ ಮಾಡಿದೆ. ಡಬ್ಲ್ಯೂಸಿ ಮೆಮೊರಿಯಿಂದ ಓದುವುದಕ್ಕೆ ಎಸ್‌ಎಸ್‌ಇ 4.1ರ ಸ್ಟ್ರೀಮಿಂಗ್ ಲೋಡ್ ಎಂಬ ಸಿಪಿಯು ಇನ್‌ಸ್ಟ್ರಕ್ಷನ್ ಇದೆ ಅಲ್ವಾ, ಇಂಟೆಲ್ ಗ್ರಾಫಿಕ್ಸ್‌ನ ಐ915 ಡ್ರೈವರ್ ಬಳಸುವಂಥದ್ದು. ಕರ್ನಲ್ ಎಫ್‌ಪಿಯು ಬಿಗಿನ್, ಎಂಡ್ ನಡುವೆ ಅದನ್ನಿಟ್ಟು ನೋಡಿದೆ, ಓದು ನಾಲ್ಕೈದು ಪಟ್ಟು ಬೇಗ ಆಯಿತು. ನಕಲು ಇರುವಾಗ ಬೇಕಿಲ್ಲ ಎಂದು ತೆಗೆದೆ. ಇನ್ನೊಂದು ಉಳಿಸಿಕೊಂಡೆ: ಬಾರ್‌ನ ಕೊನೆಯ 256 ಕೆಬಿಯನ್ನು ಕರ್ನಲ್ ಕುಸಿದಾಗ (ಪ್ಯಾನಿಕ್) ಲಾಗ್ ಉಳಿಸುವ ರ್ಯಾಮ್‌ಊಪ್ಸ್‌ಗೆ ಕೊಟ್ಟಿದ್ದೇನೆ. ಪ್ಯಾನಿಕ್ ಆಗಿ, ಪವರ್ ತೆಗೆದು, ಮಾರನೇ ದಿನ ಆನ್ ಮಾಡಿದರೂ ಲಾಗ್ ಪಿಸ್ಟೋರ್ ಫೋಲ್ಡರಿನಲ್ಲಿ ಕೂತಿರುತ್ತದೆ. ಆದರೆ ನಿಮ್ಮ ಡ್ರೈವರ್ ಪೂರ್ತಿ ಬಾರ್ ಅನ್ನು ರಿಕ್ವೆಸ್ಟ್ ಮಾಡಿಕೊಂಡರೆ ರ್ಯಾಮ್‌ಊಪ್ಸ್‌ಗೆ ಆ ಜಾಗ ಸಿಗುವುದಿಲ್ಲ, ಬೇಕಾದಷ್ಟೇ ತೆಗೆದುಕೊಳ್ಳಿ. ಕಾರ್ಡಿನ ಸ್ಲಾಟ್ ಬದಲಾದರೆ ಅಡ್ರೆಸ್ ಕೂಡ ಬದಲಾಗಬಹುದು, ಅದನ್ನು ಬೂಟ್ ಸ್ಕ್ರಿಪ್ಟ್‌ನಲ್ಲಿ ಪ್ರತಿ ಸಲ ಹುಡುಕಿಸುತ್ತೇನೆ.

ಲಿನಕ್ಸ್ ಕರ್ನಲ್‌ನ ಮೂಲ ಸೋರ್ಸಿನ (ಟ್ರೀ) ಹೊರಗಿನ ಡ್ರೈವರ್ ಆದ್ದರಿಂದ ಅಪ್‌ಡೇಟ್ ಬಂದಾಗಲೆಲ್ಲ ಕೈ ಹಾಕಬೇಕು. ಕರ್ನಲ್ 6.3ರಲ್ಲಿ ವಿಎಂ ಫ್ಲ್ಯಾಗ್ಸ್ ನೇರವಾಗಿ ಬದಲಾಯಿಸುವ ಹಾಗಿಲ್ಲ ಎಂದರು, 6.4ರಲ್ಲಿ ಕ್ಲಾಸ್ ಕ್ರಿಯೇಟ್‌ನಿಂದ ಮಾಡ್ಯೂಲ್ ಆರ್ಗ್ಯುಮೆಂಟ್ ಕಿತ್ತರು. ಹತ್ತು ನಿಮಿಷದ ಕೆಲಸ, ಆದರೆ ಕಸ್ಟಮರ್ ತಾವೇ ಅಪ್‌ಡೇಟ್ ಒತ್ತಿದರೆ ರಿಗ್ ನಿಲ್ಲುತ್ತದೆ. ಅದಕ್ಕೇ ಕರ್ನಲ್ ಪ್ಯಾಕೇಜ್ ಹೋಲ್ಡ್‌ನಲ್ಲಿ ಇಟ್ಟು ಬಂದಿದ್ದೇನೆ. ಈಗ ಅದೇ ಜಾಗಕ್ಕೆ ಇನ್ನೂ ಎರಡು ಕಾರ್ಡ್ ಕೇಳಿದ್ದಾರೆ. ಅರ್ಧ ದುಡ್ಡು ಮುಂಗಡ ಎಂದಿದ್ದೇನೆ, ಒಪ್ಪಿದ್ದಾರೆ. ಡ್ರೈವರ್ ಜಿಪಿಎಲ್ ಲೈಸೆನ್ಸಿನದು, ಕಾರ್ಡ್ ಕೊಂಡವರಿಗೆ ಸೋರ್ಸ್ ಜೊತೆಗೇ ಕೊಡುತ್ತೇನೆ.