ಬೆಲ್ಲದಲ್ಲಿ ಸೀಸ ಅಳೆಯುವಾಗ ರೀಡಿಂಗ್ ತಪ್ಪದಿರಲು

ಮಂಡ್ಯದ ಆಲೆಮನೆಯ ಅಚ್ಚು ಬೆಲ್ಲದಲ್ಲಿ ಸೀಸ ಇದೆಯೇ ಎಂದು ನೋಡಬೇಕು ಅಂದುಕೊಳ್ಳಿ. ಸೀಸ ಇದ್ದರೂ ತೀರಾ ಚೂರು. ಅದರ ಸುತ್ತ ಸಕ್ಕರೆ, ಪೊಟ್ಯಾಸಿಯಂ, ಕ್ಲೋರೈಡ್ ಎಲ್ಲ ಸಾವಿರಾರು ಪಟ್ಟು ಜಾಸ್ತಿ. ಇವು ಸೀಸದ ಸಿಗ್ನಲ್ಲನ್ನು ತಗ್ಗಿಸುತ್ತವೆ. ವಿಷ ಇದ್ದೂ ರಿಪೋರ್ಟಿನಲ್ಲಿ ಕಾಣದೆ ಹೋಗುವುದೇ ಇಲ್ಲಿನ ದೊಡ್ಡ ಅಪಾಯ. ಮೈಸೂರು, ಮಂಡ್ಯದ ಲ್ಯಾಬುಗಳಲ್ಲಿ ಗ್ರಾಫೈಟ್ ಫರ್ನೇಸ್ (ಸ್ಯಾಂಪಲ್ಲನ್ನು ಹಂತಹಂತವಾಗಿ ಸುಟ್ಟು, ಕೊನೆಗೆ ಆವಿ ಮಾಡಿ ಲೋಹ ಅಳೆಯುವ ಯಂತ್ರ) ಮುಂದೆ ಹೊಸದಾಗಿ ಕೂತವರಿಗಾಗಿ ಈ ಕ್ರಮ.

ಮೊದಲು ಪಾತ್ರೆ. ಪ್ಲಾಸ್ಟಿಕ್ ಸಾಮಾನನ್ನೆಲ್ಲ ಶೇಕಡಾ 10ರ ನೈಟ್ರಿಕ್ ಆಸಿಡ್‌ನಲ್ಲಿ ರಾತ್ರಿಯಿಡೀ ನೆನೆಸಿ, ಶುದ್ಧ ನೀರಲ್ಲಿ ತೊಳೆಯಿರಿ.

ಅರ್ಧ ಗ್ರಾಂ ಬೆಲ್ಲವನ್ನು ಟೆಫ್ಲಾನ್ ಪಾತ್ರೆಗೆ ಹಾಕಿ, ನೈಟ್ರಿಕ್ ಆಸಿಡ್ ಸೇರಿಸಿ. ಸಕ್ಕರೆ ಆಸಿಡ್ ಜೊತೆ ಜೋರಾಗಿ ಉಕ್ಕುತ್ತದೆ. ಫ್ಯೂಮ್ ಹುಡ್ ಒಳಗೆ ಮುಚ್ಚಳ ತೆರೆದಿಟ್ಟು, ಕಂದು ಹೊಗೆ ನಿಂತ ಮೇಲೆಯೇ ಮುಚ್ಚಿ ಮೈಕ್ರೋವೇವ್‌ಗೆ ಇಡಿ. ಹೈಡ್ರೋಕ್ಲೋರಿಕ್ ಆಸಿಡ್ ಮಾತ್ರ ಬೇಡ. ಸೀಸದ ಕ್ಲೋರೈಡ್ ಬೇಗ ಆವಿಯಾಗುತ್ತದೆ. ಅಳೆಯುವ ಹಂತಕ್ಕೆ ಬರುವ ಮೊದಲೇ, ಸ್ಯಾಂಪಲ್ ಸುಡುವಾಗಲೇ ಅದು ಹಾರಿಹೋಗುತ್ತದೆ.

ಬೆಲ್ಲದಲ್ಲೇ ಕ್ಲೋರೈಡ್ ಇದೆಯಲ್ಲ, ಅದಕ್ಕೇನು ಮಾಡುವುದು? ಇಲ್ಲಿ ಮಾಡಿಫೈಯರ್, ಅಂದರೆ ಸೀಸ ಬೇಗ ಆವಿಯಾಗದಂತೆ ಹಿಡಿದಿಡುವ ರಾಸಾಯನಿಕ ಬೇಕು. ಫರ್ನೇಸಿಗೆ ಹಾಕುವ ಪ್ರತಿ ಹನಿಯ ಜೊತೆ 5 ಮೈಕ್ರೋಗ್ರಾಂ ಪಲ್ಲಾಡಿಯಂ, 3 ಮೈಕ್ರೋಗ್ರಾಂ ಮೆಗ್ನೀಷಿಯಂ ನೈಟ್ರೇಟ್ ಸೇರಿಸಿದರೆ ಸೀಸ ಹೆಚ್ಚಿನ ಶಾಖಕ್ಕೂ ಕೂತಲ್ಲೇ ಕೂರುತ್ತದೆ. ಆಗ ಸುಡುವ ಶಾಖವನ್ನು ಏರಿಸಿ, ಉಳಿದ ಕಸವನ್ನು ಮೊದಲೇ ಓಡಿಸಬಹುದು. ಎಷ್ಟು ಏರಿಸಬೇಕು? ಕೈಪಿಡಿಯ ಅಂಕಿಯನ್ನು ಸುಮ್ನೆ ನಂಬಬೇಡಿ. ನಿಮ್ಮ ಬೆಲ್ಲದ ದ್ರಾವಣದಲ್ಲೇ 50 ಡಿಗ್ರಿಯಂತೆ ಏರಿಸುತ್ತಾ ಹೋಗಿ. ಸಿಗ್ನಲ್ ಇಳಿಯಲು ಶುರುವಾದ ಜಾಗಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿ. ಮಾಡಿಫೈಯರ್‌ನಲ್ಲೇ ಸೀಸ ಇರಬಹುದು. ಅದಕ್ಕೆ ಬ್ಲ್ಯಾಂಕ್‌ಗೂ (ಬೆಲ್ಲವಿಲ್ಲದ ದ್ರಾವಣಕ್ಕೂ) ಅಷ್ಟೇ ಹಾಕಿ.

ಹೈಡ್ರೋಸ್ (ಸೋಡಿಯಂ ಹೈಡ್ರೋಸಲ್ಫೈಟ್) ಹಾಕಿ ಬಿಳುಪು ಮಾಡಿದ ಬೆಲ್ಲಕ್ಕೆ ಈ ಪರೀಕ್ಷೆ ಬೇರೆಯಾಗಿಯೇ ಆಗಬೇಕು. ಅದರಿಂದ ಬರುವ ಸಲ್ಫೇಟ್ ಕೂಡ ಸೀಸದ ಸಿಗ್ನಲ್ ತಗ್ಗಿಸುತ್ತದೆ. ಕಪ್ಪು ಬೆಲ್ಲಕ್ಕೆ ಒಪ್ಪಿದ ಕ್ರಮ ಬಿಳಿ ಬೆಲ್ಲಕ್ಕೆ ಒಪ್ಪಲೇಬೇಕು ಅಂತೇನಿಲ್ಲ.

ಈಗ ಖಾತ್ರಿ ಮಾಡಿಕೊಳ್ಳುವ ಹಂತ. ನನ್ನ ಪ್ರಕಾರ ಇದನ್ನು ಬಿಟ್ಟ ರಿಪೋರ್ಟಿಗೆ ಬೆಲೆಯಿಲ್ಲ. ದ್ರಾವಣವನ್ನು ನಾಲ್ಕು ಪಾಲು ಮಾಡಿ. ಲೀಟರಿಗೆ 0, 5, 10, 15 ಮೈಕ್ರೋಗ್ರಾಂನಂತೆ ಸೀಸ ಸೇರಿಸಿ, ಗ್ರಾಫ್ ಎಳೆಯಿರಿ. ಶುದ್ಧ ಸ್ಟ್ಯಾಂಡರ್ಡ್‌ನ (ಬೆಲ್ಲವಿಲ್ಲದೆ, ಗೊತ್ತಿರುವಷ್ಟು ಸೀಸ ಮಾತ್ರ ಇರುವ ದ್ರಾವಣದ) ಗೆರೆಗಿಂತ ಈ ಗೆರೆಯ ಓರೆ ಕಡಿಮೆಯಿದ್ದರೆ ಅಡ್ಡಿ ಇನ್ನೂ ಇದೆ ಎಂದರ್ಥ. ಆಗ ದ್ರಾವಣವನ್ನು ಇನ್ನಷ್ಟು ತೆಳು ಮಾಡಿ, ಇಲ್ಲವೇ ಈ ಗೆರೆಯಿಂದಲೇ ಲೆಕ್ಕ ಹಾಕಿ. ಆದರೆ ಹೊಗೆಯಿಂದ ಬರುವ ಸುಳ್ಳು ಸಿಗ್ನಲ್ಲನ್ನು ಈ ವಿಧಾನ ಸರಿಪಡಿಸದು. ಅದಕ್ಕೆ, ಆ ಸುಳ್ಳು ಸಿಗ್ನಲ್ಲನ್ನು ಕಳೆದು ತೋರಿಸುವ ಜೀಮನ್ ಬ್ಯಾಕ್‌ಗ್ರೌಂಡ್ ಕರೆಕ್ಷನ್ ಆನ್ ಇರಬೇಕು.

ಇನ್ನೊಂದು ಪಾಲು ಬೆಲ್ಲಕ್ಕೆ ಆಸಿಡ್ ಹಾಕುವ ಮೊದಲೇ ಗೊತ್ತಿರುವಷ್ಟು ಸೀಸ ಸೇರಿಸಿಡಿ. ಕೊನೆಯಲ್ಲಿ ಸೇರಿಸಿದರೆ ಫರ್ನೇಸಿನ ತೊಂದರೆ ಮಾತ್ರ ಗೊತ್ತಾಗುತ್ತದೆ, ಕರಗಿಸುವಾಗ ಕಳೆದುಹೋದದ್ದು ಗೊತ್ತಾಗುವುದಿಲ್ಲ.

ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ನೋಡುವಾಗ ತಪ್ಪು ತಿರುಗಾಮುರುಗಾ ಆಗಬಹುದು. ಧಾತುಗಳನ್ನು ಅವುಗಳ ಪರಮಾಣು ತೂಕದಿಂದ ಗುರುತಿಸುವ ಐಸಿಪಿ-ಎಂಎಸ್ ಯಂತ್ರದಲ್ಲಿ, ಯಂತ್ರದ್ದೇ ಅನಿಲವಾದ 40 ತೂಕದ ಆರ್ಗಾನ್, ನೀರಿನ 35 ತೂಕದ ಕ್ಲೋರಿನ್ ಕೂಡಿ 75 ಆಗುತ್ತದೆ. ಆರ್ಸೆನಿಕ್ ತೂಕವೂ 75. ಕುಡಿಯುವ ನೀರಿಗೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಇರುವಾಗ, ಬರೀ ಉಪ್ಪು ನೀರೂ ವಿಷದಂತೆ ಕಾಣಬಹುದು. ಇಂಥ ಕೂಡಿಕೊಂಡ ಕಣಗಳನ್ನು ಹೀಲಿಯಂ ಅನಿಲದಿಂದ ತಡೆಯುವ ಹೀಲಿಯಂ ಮೋಡ್‌ನಲ್ಲಿ ಓಡಿಸಿ, ಆರ್ಸೆನಿಕ್ ಇಲ್ಲದ ಉಪ್ಪು ನೀರನ್ನೂ ಒಮ್ಮೆ ಅಳೆದು ನೋಡಿ.