ತೋಟಕ್ಕೊಂದು ಸ್ಮಾರ್ಟ್‌ವಾಚ್: ಈಗ ಕೊಳ್ಳಲೋ, ಕಾಯಲೋ

ಸ್ಮಾರ್ಟ್‌ವಾಚ್ ಈಗಲೇ ತಗೊಳ್ಳೋದಾ, ಇನ್ನಾರು ತಿಂಗಳು ಕಾಯೋದಾ ಎಂದು ಯಾರಾದರೂ ಕೇಳಿದರೆ ನಾನು ವಾಚಿನ ಸುದ್ದಿಗೇ ಹೋಗುವುದಿಲ್ಲ. ‘ಕೈಯಲ್ಲಿರೋ ಫೋನ್ ಯಾವುದು? ಅದನ್ನ ಯಾವಾಗ ಬದಲಿಸ್ತೀರಿ?’ ಎಂದು ಕೇಳುತ್ತೇನೆ. ನನ್ನ ಮಟ್ಟಿಗೆ ಇಡೀ ಲೆಕ್ಕ ನಿಂತದ್ದು ಅದರ ಮೇಲೆ. ಉಳಿದದ್ದನ್ನು ನಮ್ಮ ಮಳೆ ತೀರ್ಮಾನ ಮಾಡಿತು.

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಮುಖ್ಯರಸ್ತೆ ಬಿಟ್ಟು ಒಳಗೆ ಇಳಿದರೆ ನಮ್ಮ ಊರು. ಅಡಿಕೆ ತೋಟ, ಒಂದಿಷ್ಟು ಕಾಳುಮೆಣಸು, ಮನೆ ಖರ್ಚಿಗಾಗುವಷ್ಟು ಗದ್ದೆ. ಬಿಪಿ ಶುರುವಾದಾಗ ಡಾಕ್ಟರು ಮಾತ್ರೆ ಬರೆದುಕೊಟ್ಟು, ‘ತೋಟದಲ್ಲಿ ನಿಂತು ನಿಂತು ಓಡಾಡೋದು ಸಾಲಲ್ಲ, ದಿನಾ ಅರ್ಧ ಗಂಟೆ ಒಂದೇ ಸಮ ಬಿರುಸಾಗಿ ನಡೀರಿ, ನಿದ್ದೆಗೆಡಬೇಡಿ’ ಎಂದರು. ವಾಚಿನ ಯೋಚನೆ ಹುಟ್ಟಿದ್ದು ಆಗ. ನಡೆಯುವಾಗ ನಾಡಿ ಎಷ್ಟು ಏರುತ್ತದೆ, ರಾತ್ರಿ ಎಷ್ಟು ಹೊತ್ತು ಮಲಗಿದೆ, ಪ್ಲಾಸ್ಟಿಕ್ ಕೊಟ್ಟೆಯೊಳಗೆ ಸುತ್ತಿಟ್ಟ ಫೋನಿಗೆ ಯಾರು ಕರೆ ಮಾಡುತ್ತಿದ್ದಾರೆ, ಇಷ್ಟು ತಿಳಿದರೆ ಸಾಕಿತ್ತು. ಇನ್ನೊಂದು ಆಸೆಯೂ ಇತ್ತು: ಒಬ್ಬನೇ ತೋಟಕ್ಕೆ ಇಳಿದಾಗ ಜಾರಿ ಬಿದ್ದರೆ ಮನೆಗೆ ಸುದ್ದಿ ಮುಟ್ಟಬೇಕು.

ಬೆಂಗಳೂರಲ್ಲಿರುವ ಅಣ್ಣನ ಮಗ, ‘ಚಿಕ್ಕಪ್ಪ, ಈಗ ಬೇಡ, ಸೆಪ್ಟೆಂಬರ್‌ನಲ್ಲಿ ಹೊಸದು ಬರುತ್ತೆ’ ಎಂದ. ಅವನ ಮಾತು ಸುಳ್ಳಲ್ಲ. ಮೊದಲ ಆಪಲ್ ವಾಚ್ ಅಂಗಡಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. 2016ರಿಂದ ಈಚೆಗೆ ಹೊಸ ಮಾದರಿಯ ಘೋಷಣೆಯೆಲ್ಲ ಸೆಪ್ಟೆಂಬರ್‌ನಲ್ಲೇ. ಸ್ಯಾಮ್ಸಂಗ್‌ನದು ಜುಲೈ ಅಥವಾ ಆಗಸ್ಟ್. ಗೂಗಲ್‌ನ ಪಿಕ್ಸೆಲ್ ವಾಚ್ ಮೊದಮೊದಲು ಅಕ್ಟೋಬರಿನಲ್ಲಿ ಬರುತ್ತಿತ್ತು, 2024ರಿಂದ ಅದರ ಘೋಷಣೆಯೂ ಆಗಸ್ಟ್‌ಗೆ ಜರುಗಿತು. ಹಾಗಾಗಿ ಯಾವ ತಿಂಗಳಲ್ಲಿ ಕೇಳಿದರೂ ‘ಇನ್ನೇನು ಬಂತು, ತಡೀರಿ’ ಅನ್ನುವವರು ಸಿಕ್ಕೇ ಸಿಗುತ್ತಾರೆ.

ಬರುವ ಹೊಸದರಲ್ಲಿ ಎಂತ ಹೊಸತು ಇರುತ್ತದೆ ಎಂದು ಹಿಂದಿನ ವರ್ಷಗಳನ್ನು ಕೆದಕಿ ನೋಡಿದೆ. ಆಪಲ್‌ನ ಸೀರೀಸ್ 6, 7, 8 ಬಂದದ್ದು 2020, 21, 22ರಲ್ಲಿ. ಮೂರರೊಳಗಿನ ಮುಖ್ಯ ಚಿಪ್ ಹೆಚ್ಚುಕಡಿಮೆ ಒಂದೇ. ಪರದೆ ಕೊಂಚ ದೊಡ್ಡದಾಯಿತು, ಒಂದೆರಡು ಸೆನ್ಸರ್ ಸೇರಿತು, ಅಷ್ಟೇ. 2025ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಸುದ್ದಿಯಾದ ಅಧಿಕ ರಕ್ತದೊತ್ತಡದ ಎಚ್ಚರಿಕೆ 2023ರ ಸೀರೀಸ್ 9ಕ್ಕೂ ಸಾಫ್ಟ್‌ವೇರ್ ಮೂಲಕವೇ ಸಿಕ್ಕಿತು. ಎರಡು ವರ್ಷ ಮುಂಚೆ ಕೊಂಡವನು ಏನೂ ಕಳೆದುಕೊಳ್ಳಲಿಲ್ಲ. ಆದರೆ ಕಾದವನೇ ಗೆದ್ದ ವರ್ಷಗಳೂ ಇವೆ. 2018ರ ಸೀರೀಸ್ 4ಕ್ಕೆ ಇಸಿಜಿಯೂ ಬಿದ್ದರೆ ಗುರುತಿಸುವ ವ್ಯವಸ್ಥೆಯೂ ಒಟ್ಟಿಗೇ ಬಂತು. 2021ರಲ್ಲಿ ಸ್ಯಾಮ್ಸಂಗ್ ತನ್ನ ವಾಚ್ ನಡೆಸುವ ತಂತ್ರಾಂಶವಾದ ಟೈಜನ್ ಬಿಟ್ಟು ಗೂಗಲ್‌ನ ವೇರ್ ಓಎಸ್‌ಗೆ ಹೊರಳಿತು. ಹಿಂದಿನ ವರ್ಷವಷ್ಟೇ ಗ್ಯಾಲಕ್ಸಿ ವಾಚ್ 3 ಕೊಂಡವರಿಗೆ ಆ ಹೊಸ ವ್ಯವಸ್ಥೆ ಸಿಗಲೇ ಇಲ್ಲ. ಇಂಥ ಬದಲಾವಣೆ ವರ್ಷವರ್ಷ ಆಗುವುದಿಲ್ಲ, ಆಗುವ ಮುಂಚೆ ಸುದ್ದಿ ಹೊರಬೀಳುತ್ತದೆ. ಆ ಥರದ ಸುದ್ದಿ ಇದ್ದರೆ ಕಾಯಬೇಕು. ನಾನು ಹುಡುಕಿದ ಹೊತ್ತಿಗೆ ಇರಲಿಲ್ಲ.

ಇನ್ನು ಫೋನಿನ ವಿಷಯ. ಆಪಲ್ ವಾಚ್ ಐಫೋನ್ ಒಂದರ ಜೊತೆಗೆ ಮಾತ್ರ ಕೆಲಸ ಮಾಡುತ್ತದೆ. 2021ರಿಂದೀಚಿನ ಗ್ಯಾಲಕ್ಸಿ ವಾಚ್‌ಗಳು, ಪಿಕ್ಸೆಲ್ ವಾಚ್‌ಗಳು ಆಂಡ್ರಾಯ್ಡ್‌ಗೆ ಮಾತ್ರ. ಅದರಲ್ಲೂ ಗ್ಯಾಲಕ್ಸಿ ವಾಚಿನ ಇಸಿಜಿ, ಬಿಪಿ ಬೇಕಾದರೆ ಫೋನೂ ಸ್ಯಾಮ್ಸಂಗ್‌ನದೇ ಆಗಿರಬೇಕು. ಇದನ್ನು ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. ನನ್ನ ಕೈಲಿದ್ದದ್ದು ಬೇರೆ ಕಂಪನಿಯ ಹಳೇ ಆಂಡ್ರಾಯ್ಡ್, ಅಪ್‌ಡೇಟ್ ನಿಂತು ಹೋದದ್ದು. ಮಗಳು ಬೇರೆ, ‘ಅಪ್ಪಯ್ಯ, ನಾನು ಹೊಸದು ತಗೊಂಡಾಗ ನನ್ನ ಐಫೋನ್ ನಿಮಗೇ’ ಎಂದಿದ್ದಳು. ಯಾವಾಗ ತಗೊಳ್ಳುತ್ತಾಳೆ, ದೇವರಿಗೇ ಗೊತ್ತು. ಇಂಥದ್ದರಲ್ಲಿ ಮೂವತ್ತು ನಲವತ್ತು ಸಾವಿರ ಸುರಿಯುವುದೆಂದರೆ, ಎತ್ತು ಯಾವುದೆಂದು ತೀರ್ಮಾನ ಆಗುವ ಮುಂಚೆ ನೊಗ ಮಾಡಿಸಿದ ಹಾಗೆ. ಆಗ ಉಳಿದದ್ದು ಎರಡೇ ದಾರಿ: ಫೋನ್ ತೀರ್ಮಾನವಾಗುವ ತನಕ ವಾಚು ಮುಂದೂಡುವುದು, ಇಲ್ಲ, ಎರಡೂ ಜಾತಿಯ ಫೋನಿಗೆ ಹೊಂದುವ ವಾಚು ಹುಡುಕುವುದು.

ದುಬಾರಿ ವಾಚಿನ ಆಸೆಯನ್ನು ಪೂರ್ತಿ ಬಿಡಿಸಿದ್ದು ನಮ್ಮ ತೋಟ. ಮನೆಯಲ್ಲಿ ಫೈಬರ್ ಇದೆ, ವೈಫೈ ಕಾಲಿಂಗ್‌ನಲ್ಲಿ ಮಾತಾಡುತ್ತೇವೆ. ಅಂಗಳ ದಾಟಿ ದರೆ ಇಳಿದರೆ ಸಿಗ್ನಲ್ಲು ಮುಗಿಯಿತು. ಮತ್ತೆ ಸಿಗುವುದು ಗುಡ್ಡದ ನೆತ್ತಿಯ ಮೇಲೆ. ವಾಚು ಬ್ಲೂಟೂತಿನಲ್ಲಿ ಫೋನಿಗೆ ಅಂಟಿಕೊಂಡಿರುವುದು ಹತ್ತು ಮೀಟರಿನ ಆಸುಪಾಸು, ನಮ್ಮ ಮಣ್ಣಿನ ಗೋಡೆ ಅಡ್ಡ ಬಂದರೆ ಇನ್ನೂ ಕಡಿಮೆ. ಹಾಗಾದರೆ ಸಿಮ್ ಇರುವ ಎಲ್‌ಟಿಇ ವಾಚ್? ಜಿಯೋ, ಏರ್‌ಟೆಲ್ ಇ-ಸಿಮ್ ಕೊಡುತ್ತವೆ, ಆದರೆ ಟವರೇ ಇಲ್ಲದ ಕಡೆ ಆ ಇ-ಸಿಮ್ ಕಟ್ಟಿಕೊಂಡು ಮಾಡುವುದೆಂತ? ತೋಟದಲ್ಲಿ ಕಾಲು ಜಾರಿದರೆ ವಾಚು ಬಿದ್ದದ್ದನ್ನು ಸರಿಯಾಗಿಯೇ ಗುರುತಿಸುತ್ತದೆ, ಹೇಳುವುದು ಯಾರಿಗೆ? ಶಿವಮೊಗ್ಗ ಪೇಟೆಯಲ್ಲಿ ಬೆಳಿಗ್ಗೆ ನಡೆಯಲು ಹೋಗುವ ವಯಸ್ಸಾದವರಿಗೆ ಈ ಸೌಲಭ್ಯಕ್ಕೆ ಕೊಡುವ ದುಡ್ಡು ದಂಡವಲ್ಲ. ನನಗೆ ದಂಡ.

ಅಲ್ಲಿಂದ ಮುಂದೆ ಹುಡುಕಾಟ ಸಲೀಸಾಯಿತು. ಹದಿನೈದು ಸಾವಿರದ ಒಳಗೆ, ಜಿಪಿಎಸ್ ಒಳಗೇ ಇರುವ, ಎರಡೂ ಥರದ ಫೋನಿಗೆ ಆಪ್ ಇರುವ, ಬ್ಯಾಟರಿ ವಾರ ಬರುವ ವಾಚು.

ಬ್ಯಾಟರಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಆಪಲ್‌ನ ಮಾಮೂಲಿ ಮಾದರಿಗಳು, ವೇರ್ ಓಎಸ್ ವಾಚ್‌ಗಳಲ್ಲಿ ಹೆಚ್ಚಿನವು ಒಂದು ದಿನ, ಹೆಚ್ಚೆಂದರೆ ಎರಡು ದಿನ. ಆಷಾಢದ ಗಾಳಿಗೆ ಎಲ್ಲೋ ಕಾಡಿನ ನಡುವೆ ಮರ ಬಿದ್ದು ತಂತಿ ಹರಿದರೆ ನಮ್ಮಲ್ಲಿ ಕರೆಂಟು ಬರುವುದು ಲೈನ್‌ಮನ್ ಅಲ್ಲಿಗೆ ತಲುಪಿದ ಮೇಲೆ. ಯುಪಿಎಸ್‌ನಲ್ಲಿ ಉಳಿದ ಚೂರು ಪಾರು ದೀಪಕ್ಕೆ, ಫೋನಿಗೆ, ರೌಟರಿಗೆ. ವಾಚಿನ ಸರದಿ ಬರುವುದಿಲ್ಲ. ಇದಕ್ಕಿಂತ ಮುಖ್ಯ ಇನ್ನೊಂದಿದೆ. ಲಿಥಿಯಂ ಬ್ಯಾಟರಿ ಚಾರ್ಜ್ ಆಗಿ ಖಾಲಿಯಾದಷ್ಟೂ ಸವೆಯುತ್ತದೆ. ದಿನಾ ಪೂರ್ತಿ ಚಾರ್ಜ್ ಮಾಡಿದರೆ ವರ್ಷಕ್ಕೆ 365 ಸುತ್ತು, ವಾರಕ್ಕೊಮ್ಮೆ ಆದರೆ ಐವತ್ತು ಚಿಲ್ಲರೆ. ಸಾವಿರ ಸುತ್ತಿನ ಮೇಲೂ ಶೇ. 80ರಷ್ಟು ಶಕ್ತಿ ಉಳಿಯುವಂತೆ ತನ್ನ ವಾಚಿನ ಬ್ಯಾಟರಿ ರೂಪಿಸಿದ್ದೇವೆ ಎಂದು ಆಪಲ್ಲೇ ಹೇಳುತ್ತದೆ. ದಿನಾ ಚಾರ್ಜಿನ ಲೆಕ್ಕದಲ್ಲಿ ಅದು ಮೂರು ವರ್ಷಕ್ಕೆ ಹತ್ತಿರ. ವಾಚನ್ನು ಅಂಟು ಹಾಕಿ ಮುಚ್ಚಿರುತ್ತಾರೆ, ಫೋನಿನ ಬ್ಯಾಟರಿ ಬದಲಿಸಿದಷ್ಟು ಸುಲಭಕ್ಕೆ ಬದಲಿಸಲಾಗುವುದಿಲ್ಲ. ಈಗ ಕೊಳ್ಳಲೋ ಆಮೇಲೋ ಎಂಬ ತಲೆನೋವು ಪದೇಪದೇ ಬರಬಾರದೆಂದರೆ ವಾರಕ್ಕೊಮ್ಮೆ ಚಾರ್ಜ್ ಕೇಳುವುದನ್ನೇ ಕಟ್ಟಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಆನ್‌ಲೈನಿನಲ್ಲಿ ನೋಡಿಟ್ಟುಕೊಂಡರೂ ಮುಟ್ಟಿ ನೋಡದೆ ಬೇಡ ಎಂದು, ಅಡಿಕೆ ಮಂಡಿ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋದಾಗ ನೆಹರೂ ರಸ್ತೆ, ದುರ್ಗಿಗುಡಿಯ ಅಂಗಡಿಗಳನ್ನು ಹೊಕ್ಕೆ. ಒಂದು ಕಡೆ ಹುಡುಗ ಒಳ್ಳೆಯವನು, ಡೆಮೊ ವಾಚನ್ನು ನನ್ನ ಫೋನಿಗೇ ಜೋಡಿಸಿಕೊಟ್ಟ. ‘ಕನ್ನಡ ಬರುತ್ತಾ?’ ಎಂದೆ. ‘ಎಲ್ಲಾ ಲ್ಯಾಂಗ್ವೇಜೂ ಬರುತ್ತೆ ಸಾರ್.’ ಮನೆಗೆ ಫೋನ್ ಮಾಡಿ ಇವಳಿಗೆ ಒಂದು ವಾಟ್ಸ್‌ಆಪ್ ಕಳಿಸಲು ಹೇಳಿದೆ. ‘ಗೊಬ್ಬರದ ಚೀಟಿ ಮರೀಬೇಡಿ’ ಎಂದು ಕಳಿಸಿದಳು. ಅಗ್ಗದ ವಾಚಿನ ಮೇಲೆ ಒಂದು ಸಾಲು ಖಾಲಿ ಚೌಕಗಳು ಬಂದವು. ಇನ್ನೊಂದರಲ್ಲಿ ಅಕ್ಷರ ಮೂಡಿತು, ಒತ್ತು ಕೂಡಲಿಲ್ಲ: ‘ಗೊಬ್‌ಬರದ’. ಅದಕ್ಕಿಂತ ಮೇಲಿನ ಬೆಲೆಯದರಲ್ಲಿ ಸರಿಯಾಗಿ ಬಂತು. ಅಗ್ಗದವುಗಳೊಳಗೆ ಇರುವುದು ತೀರಾ ಸಣ್ಣ ವ್ಯವಸ್ಥೆ, ಎಲ್ಲ ಲಿಪಿಯ ಫಾಂಟನ್ನೂ ಒತ್ತಕ್ಷರ ಕೂಡಿಸುವ ಕೆಲಸವನ್ನೂ ಅದರಲ್ಲಿ ತುಂಬಿರುವುದಿಲ್ಲ. ಡಬ್ಬದ ಮೇಲೆ ಇದನ್ನು ಬರೆದಿರುವುದಿಲ್ಲ, ನಾವೇ ನೋಡಬೇಕು. ಮೆಸೇಜೆಲ್ಲ ಕನ್ನಡದಲ್ಲೇ ಬರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಹುಡುಗನ ಬಾಟಲಿಯಿಂದಲೇ ನೀರು ಕೇಳಿ ಬೆರಳು ಒದ್ದೆ ಮಾಡಿಕೊಂಡು ಪರದೆ ಮುಟ್ಟಿದೆ. ಹನಿ ಬಿದ್ದಲ್ಲೆಲ್ಲ ಟಚ್ ತಾನೇ ಒತ್ತಿಕೊಂಡು ಯಾವುದೋ ಪುಟಕ್ಕೆ ಹಾರಿತು. ಟಚ್ ಪರದೆಗೆ ನೀರೂ ಬೆರಳೂ ಒಂದೇ. ಮಲೆನಾಡಿನವರಿಗೆ ಪಕ್ಕದಲ್ಲಿ ಬಟನ್ ಇರುವ ವಾಚೇ ಸರಿ ಎಂದು ಅಲ್ಲೇ ತೀರ್ಮಾನಿಸಿದೆ. ನಡಿಗೆ ಶುರು ಮಾಡಲು, ನಿಲ್ಲಿಸಲು ಪರದೆ ಮುಟ್ಟುವ ಹಂಗಿರಬಾರದು. 5 ಎಟಿಎಂ ಎಂದು ಬರೆದಿದ್ದರೆ ಐವತ್ತು ಮೀಟರ್ ಆಳದ ನಿಂತ ನೀರಿನ ಒತ್ತಡ ತಡೆಯುತ್ತದೆ ಎಂದರ್ಥ. ಮಳೆಗೆ ಧಾರಾಳ ಸಾಕು, ಆದರೆ ಬಿಸಿನೀರು, ಸೋಪಿಗೆ ಆ ಭರವಸೆ ಇಲ್ಲ.

ಆ ದಿನ ಕೊಳ್ಳಲಿಲ್ಲ. ನೋಡಿದ ಮಾದರಿಯ ಮುಂದಿನದು ಬರುವ ಸುದ್ದಿ ಇತ್ತು. ಕಾದೆ, ಹೊಸದಕ್ಕಾಗಿ ಅಲ್ಲ. ಹೊಸದು ಬಂದ ಮೇಲೆ ಹಳೆಯದರ ಬೆಲೆ ಸುಮಾರು ಕಾಲುಭಾಗ ಇಳಿಯಿತು, ಆಗ ಹಳೆಯದನ್ನೇ ತಗೊಂಡೆ. ಹೊಸದರಲ್ಲಿ ಹೆಚ್ಚಿಗೆ ಇದ್ದದ್ದು ಪರದೆಯ ಹೊಳಪು, ಅಡಿಕೆ ಮರದ ನೆರಳಲ್ಲಿ ಓಡಾಡುವವನಿಗೆ ಅದು ಬೇಕಿಲ್ಲ. ಸ್ಟಾಕು ಇರುವ ತನಕ ಮಾತ್ರ ಈ ಉಪಾಯ. ತೀರಾ ತಡ ಮಾಡಿದರೆ ಬಣ್ಣ ಸಿಗುವುದಿಲ್ಲ, ಆಮೇಲೆ ವಾಚೂ ಸಿಗುವುದಿಲ್ಲ.

ಕಟ್ಟಿಕೊಂಡ ಮೇಲೆ ಮೊದಲು ಮಾಡಿದ ಕೆಲಸ, ಜಗಲಿಯಲ್ಲಿ ಕೂತು ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತಾ ನಾಡಿ ಎಣಿಸಿ ತಾಳೆ ನೋಡಿದ್ದು. ಕೂತಾಗ ಎರಡೂ ಹತ್ತಿರ ಹತ್ತಿರ. ಗುಡ್ಡ ಹತ್ತುವಾಗ ಬೆಲ್ಟು ಸಡಿಲ ಇದ್ದರೆ ಲೆಕ್ಕ ಕೆಡುತ್ತದೆ. ವಾಚಿನಡಿಯ ಹಸಿರು ಬೆಳಕು ಚರ್ಮದೊಳಗಿನ ರಕ್ತದ ಏರಿಳಿತ ನೋಡುವ ಬದಲು ಕೈ ಬೀಸುವ ತಾಳವನ್ನೇ ಹಿಡಿದುಕೊಂಡು ಹೆಜ್ಜೆಯ ವೇಗವನ್ನು ನಾಡಿ ಎಂದು ತೋರಿಸುತ್ತದೆ. ಮಣಿಕಟ್ಟಿನ ಮೂಳೆಯಿಂದ ಬೆರಳಷ್ಟು ಮೇಲೆ ಬಿಗಿಯಾಗಿ ಕಟ್ಟಿದ ಮೇಲೆ ಸರಿಹೋಯಿತು. ಜಿಪಿಎಸ್ ಗದ್ದೆಬಯಲಿನಲ್ಲಿ ಚೊಕ್ಕಟ. ತೋಟದ ಬೇಲಿಗುಂಟ ನಡೆದರೆ ಗೆರೆ ಪಕ್ಕದವರ ತೋಟದೊಳಗೆ ಹೋಗಿ ಬರುತ್ತದೆ. ಪಕ್ಕದವರಿಗೆ ತೋರಿಸಿಲ್ಲ. ಮರದ ದಟ್ಟಣೆಯಲ್ಲಿ ಖಚಿತ ಗೆರೆ ಬೇಕಾದವರು ಉಪಗ್ರಹದ ಸಂಕೇತವನ್ನು ಎರಡು ತರಂಗಾಂತರದಲ್ಲಿ ಹಿಡಿಯುವ, ಅಂದರೆ ಎಲ್1 ಜೊತೆ ಎಲ್5 ಇರುವ ವಾಚು ನೋಡಬೇಕು. ಚಾರಣಕ್ಕೆ ಕೊಡಚಾದ್ರಿ ಹತ್ತುವವರಿಗೂ ಇದೇ ಮಾತು.

ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ದಿನ ವಾಚು ಕಟ್ಟುವುದಿಲ್ಲ. ಅದರಲ್ಲಿರುವ ಮೈಲುತುತ್ತ ಲೋಹವನ್ನು ತಿನ್ನುತ್ತದೆ. ಪಕ್ಕದ ಮನೆ ಹುಡುಗ ಕಟ್ಟಿಕೊಂಡೇ ಔಷಧಿ ಹೊಡೆಯುವ ಗಟಾರ್ ಪಂಪು ಹಿಡಿದಿದ್ದ, ಹಿಂಬದಿಯ ಚಾರ್ಜಿಂಗ್ ಪಿನ್ನು ಹಸಿರಾಗಿ ಕೂತಿತು. ಮಳೆಗಾಲದಲ್ಲಿ ಬೆಲ್ಟಿನಡಿ ಚರ್ಮ ತುರಿಸುವುದೂ ಉಂಟು, ರಾತ್ರಿ ಊಟಕ್ಕೆ ಮುಂಚೆ ಬಿಚ್ಚಿ ಒರೆಸಿಡುತ್ತೇನೆ.

‘ಸೂಜಿ ಚುಚ್ಚದೆ ಶುಗರ್ ತೋರಿಸೋ ವಾಚು ಬರುತ್ತಂತೆ, ಅದಕ್ಕೆ ಕಾಯ್ತಿದೀನಿ ಮಾರಾಯ್ರೆ’ ಎನ್ನುವವರು ನಮ್ಮ ಸುತ್ತ ಬಹಳ. ಅದು ಈಗಲೇ ಇದೆ ಎಂದು ಮಾರುವವರೂ ಇದ್ದಾರೆ. ಚುಚ್ಚದೆ ರಕ್ತದ ಸಕ್ಕರೆ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ಅನುಮತಿ ಕೊಟ್ಟಿಲ್ಲ, ನಂಬಿ ಔಷಧದ ಪ್ರಮಾಣ ಬದಲಿಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ಬಿಪಿಯ ಕಥೆಯೂ ಅರ್ಧಂಬರ್ಧ: ಸ್ಯಾಮ್ಸಂಗ್ ವಾಚಿನಲ್ಲಿ ನೋಡಬೇಕಾದರೆ ತೋಳಿಗೆ ಸುತ್ತುವ ಯಂತ್ರದ ಜೊತೆ 28 ದಿನಕ್ಕೊಮ್ಮೆ ಹೊಂದಿಸಬೇಕು. ಯಂತ್ರ ಹೇಗೂ ಬೇಕೆಂದ ಮೇಲೆ ನಾನು ಯಂತ್ರದಲ್ಲೇ ನೋಡಿಕೊಳ್ಳುತ್ತೇನೆ.

ನಿಜವಾಗಿ ಕಾಯಲು ಯೋಗ್ಯವಾದದ್ದು ನನ್ನ ಲೆಕ್ಕದಲ್ಲಿ ಒಂದೇ ಇದೆ. 2025ರ ಆಪಲ್ ವಾಚ್ ಅಲ್ಟ್ರಾ 3 ಟವರ್ ಇಲ್ಲದ ಕಡೆಯಿಂದ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಲ್ಲದು. ನಾನು ನೋಡಿದಾಗ ಆ ಸೇವೆ ಸಿಗುವ ದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಅದು ನಮ್ಮಲ್ಲಿ ಶುರುವಾಗಿ, ಬೆಲೆಯೂ ಕೈಗೆಟುಕುವಂತಾದರೆ ಈ ವಾಚನ್ನು ತಮ್ಮನಿಗೆ ದಾಟಿಸಿ ಅದನ್ನು ಕೊಳ್ಳುತ್ತೇನೆ. ಸದ್ಯ ತೋಟಕ್ಕೆ ಇಳಿಯುವಾಗ ಯಾವ ಕಡೆ ಹೋಗುತ್ತೇನೆಂದು ಇವಳಿಗೆ ಹೇಳಿ ಹೋಗುವುದೇ ವ್ಯವಸ್ಥೆ.

ಕೊಳ್ಳುವವರಿಗೆ ಇನ್ನೊಂದು: ಅದೇ ದಿನ ಚಾರ್ಜಿಂಗ್ ಕೇಬಲ್ ಇನ್ನೊಂದು ತಗೊಂಡುಬಿಡಿ. ಪ್ರತಿ ಕಂಪನಿಗೂ, ಕೆಲವೊಮ್ಮೆ ಪ್ರತಿ ಮಾದರಿಗೂ ಅದು ಬೇರೆ. ನಮ್ಮ ಮನೆಯ ಅಟ್ಟದ ಇಲಿ ಡಬ್ಬದಲ್ಲಿ ಬಂದ ಕೇಬಲನ್ನು ದೀಪಾವಳಿಗೆ ಮುಂಚೆಯೇ ತುಂಡು ಮಾಡಿತ್ತು, ಎರಡನೆಯದು ಈಗ ತಗಡಿನ ಡಬ್ಬಿಯಲ್ಲಿದೆ.