ಮಾಡೆಲ್ ಯುದ್ಧ ಟ್ಯಾಂಕ್ ಕೊಳ್ಳುವ ಮೊದಲು ಅಳತೆ ನೋಡಿ
28 ಮಿ.ಮೀ. ಎತ್ತರದ ಸೈನಿಕರ ಬೊಂಬೆಗಳ ಪಕ್ಕಕ್ಕೆ 1/56 ಅಳತೆಯ, ಅಂದರೆ ನಿಜವಾದದ್ದರ 56ನೇ ಒಂದು ಭಾಗದಷ್ಟು ಉದ್ದದ ಟ್ಯಾಂಕೇ ಒಪ್ಪುತ್ತದೆ. ಸುಮಾರು 5.84 ಮೀಟರ್ ಉದ್ದದ ಅಮೆರಿಕದ ಶೆರ್ಮನ್ ಟ್ಯಾಂಕ್ 1/56ರಲ್ಲಿ 104 ಮಿ.ಮೀ. ಬರುತ್ತದೆ, 1/72ರಲ್ಲಿ 81, 1/48ರಲ್ಲಿ 122. ಡಬ್ಬಿ ಮೇಲೆ ಬರೆದದ್ದನ್ನಷ್ಟೇ ನಂಬದೆ ಸ್ಕೇಲ್ ಹಿಡಿದು ನೋಡಿ. ಸೈನಿಕರನ್ನು ಪಾದದಿಂದ ಕಣ್ಣಿನವರೆಗೆ ಅಳೆಯಿರಿ; ಹೆಲ್ಮೆಟ್, ಕಾಲ ಕೆಳಗಿನ ಬೇಸ್ ಎರಡೂ ಲೆಕ್ಕ ಕೆಡಿಸುತ್ತವೆ.

ಪ್ಲಾಸ್ಟಿಕ್ ಸಿಮೆಂಟ್ ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಅಚ್ಚಿಗೆ ಹೊಯ್ದು ಗಟ್ಟಿ ಮಾಡಿದ ರಾಳವಾದ ರೆಸಿನ್‌ಗೆ ಅದು ಹಿಡಿಯುವುದೇ ಇಲ್ಲ, ಸೂಪರ್ ಗ್ಲೂ ಬೇಕು. ರೆಸಿನ್ ಭಾಗಗಳನ್ನು ಮೊದಲು ಪಾತ್ರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಎದ್ದು ಬರುತ್ತದೆ. ರೆಸಿನ್ ಟ್ಯಾಂಕಿನ ತೋಪಿನ ನಳಿಗೆ ಸೊಟ್ಟಗಿದ್ದರೆ ಬಿಸಿನೀರಲ್ಲಿ ಅದ್ದಿ, ನೇರ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿ.

ನಮ್ಮ ಬಳ್ಳಾರಿ ಬೇಸಿಗೆಯಲ್ಲಿ ಮಧ್ಯಾಹ್ನ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮೊದಲು ಹಾಕುವ ತಳಪದರ) ಹೊಡೆಯಲೇಬೇಡಿ. ಹನಿಗಳು ಗಾಳಿಯಲ್ಲೇ ಒಣಗಿ ಮೈಯೆಲ್ಲ ತರಿತರಿಯಾಗುತ್ತದೆ. ಬಿಸಿಲೇರುವ ಮೊದಲು, 20 ಸೆಂ.ಮೀ. ದೂರದಿಂದ, ತೆಳುವಾಗಿ ಎರಡು ಸಲ ಸಾಕು.